ಹೂಳೆತ್ತೋ ವಿಡಿಯೋ: ನಮ್ಮ ಮನೆಮಂದಿ ಗ್ರೂಪಿನಲ್ಲಿ ನಡೆದ ಜಟಾಪಟಿ

ಹೊಳಲ್ಕೆರೆ ಸೀಮೆಯ ನಮ್ಮ ಬಳಗದ ಗ್ರೂಪಿನಲ್ಲಿ ಶುಭೋದಯ, ಅಡಿಕೆ ರೇಟು, ಗೃಹಪ್ರವೇಶದ ಕಾರ್ಡು ಬಿಟ್ಟರೆ ಹೆಚ್ಚೇನೂ ಓಡುವುದಿಲ್ಲ. ಶನಿವಾರ ಮಂಜಣ್ಣ ಒಂದು ವಿಡಿಯೋ ಹಾಕಿದ. ಕೆರೆಯಂಗಳದಲ್ಲಿ ಹಿಟಾಚಿ ಬಗೆಯುತ್ತಿದೆ, ಟಿಪ್ಪರ್‌ಗಳು ಸಾಲುಗಟ್ಟಿವೆ, ಮೇಲೆ ದಪ್ಪಕ್ಷರ: ‘ಹೂಳೆತ್ತಿ, ಬರ ಓಡಿಸಿ! ನಮ್ಮ ಜಿಲ್ಲೆಗೆ ಯಾವ ನದಿ ನೀರೂ ಬೇಡ!’ ಸ್ಟಿಕರ್, ಕೈಮುಗಿಯೋ ಚಿತ್ರ ಎಲ್ಲ ತೆಗೆದು ಉಳಿದದ್ದನ್ನು ಇಲ್ಲಿಟ್ಟಿದ್ದೇನೆ. ‘ನಾನು’ ಅಂದರೆ ಹಿರಿಯೂರಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಸುಮಾ.

ಮಂಜಣ್ಣ: ನೋಡ್ರಪ್ಪಾ ಎಲ್ರೂ. ನಮ್ಮೂರ ಕೆರೇಲೂ ಇದು ಆಗ್ಬೇಕು. ಹೂಳು ತುಂಬಿ ಕೆರೆ ಊಟದ ತಟ್ಟೆ ಆಗೈತೆ. ಆಳ ಇಲ್ಲದ ನೀರು ಬಿಸಿಲಿಗೇ ಆರಿ ಹೋಗ್ತೈತೆ.

ದೊಡ್ಡಪ್ಪ: ಸರಿಯಾಗಿ ಹೇಳ್ದೆ. 2024ರ ಬೇಸಿಗೇಲಿ ಟ್ಯಾಂಕರ್ ನೀರು ಕೊಂಡು ತೋಟ ಉಳಿಸ್ಕೊಂಡವನಿಗೆ ಗೊತ್ತು ಕಷ್ಟ. ಗೋಡು, ಅಂದ್ರೆ ಕೆರೆ ಹೂಳುಮಣ್ಣು, ತೋಟಕ್ಕೆ ಬಂದಂಗೂ ಆತು, ಕೆರೆ ಆಳ ಆದಂಗೂ ಆತು.

ಕಿರಣ (ಬೆಂಗಳೂರು): ಹಿರಿಯೂರಿನ ಮಾರಿಕಣಿವೆ ಡ್ಯಾಂ 2022ರಲ್ಲಿ ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅದೇ ಮೊದಲು. ಮಳೆ ಬಂದ್ರೆ ನೀರು ತಾನಾಗೇ ಬರುತ್ತೆ. ಹಿಡಿಯೋಕೆ ಜಾಗ ಇರ್ಬೇಕು ಅಷ್ಟೆ.

ನಾನು: ಕಿರಣ, 2019ರಿಂದ ಭದ್ರಾ ನೀರನ್ನೂ ಅಲ್ಲಿಗೆ ಹರಿಸ್ತಿದ್ರು ಕಣೋ. ಮಳೆ ಜೋರಿತ್ತು, ನಿಜ. ಆದ್ರೆ ‘ನದಿ ನೀರು ಬೇಡ’ ಅನ್ನೋ ವಿಡಿಯೋ ಕೆಳಗೆ ಅದೇ ಉದಾಹರಣೆ ಕೊಡ್ತೀಯಲ್ಲ!

ಮಾವ (ದಾವಣಗೆರೆ): ಭದ್ರಾ ಸುದ್ದಿ ಎತ್ತಿದ್ರಾ, ನಾನು ಬಂದೆ. ಭದ್ರಾ ನೀರನ್ನ ನಿಮ್ ಕಡೆ ಒಯ್ಯೋ ಮೇಲ್ದಂಡೆ ಯೋಜನೆಗೆ 29.9 ಟಿಎಂಸಿ, ಅದ್ರಲ್ಲಿ 17.4 ತುಂಗಾದಿಂದ ಎತ್ತಿ ಭದ್ರಾಕ್ಕೆ ಹಾಕ್ತೀವಿ ಅಂತ ಕಾಗದದಾಗೆ ಐತೆ. ಭದ್ರಾ ನಾಲೆ ಕೊನೇ ಭಾಗದ ನಮ್ ಗದ್ದೆಗೆ ನೀರು ಬರೋದು ದೇವ್ರಿಗೇ ಪ್ರೀತಿ. ನಿಮ್ ಕೆರೆ ನೀವೇ ತುಂಬಿಸ್ಕೊಳ್ರಿ, ಮಂಜಣ್ಣ ಹೇಳೋದು ಸರಿ ಐತೆ.

ನಾನು: ಹೂಳೆತ್ತೋದು ಬೇಡ ಅಂತ ನಾನೂ ಹೇಳ್ತಿಲ್ಲ ಮಾವ. ಒಂದು ಲೆಕ್ಕ ಹಾಕಿ ನೋಡಿ. ಹತ್ತು ಚಕ್ರದ ಟಿಪ್ಪರ್‌ನಲ್ಲಿ ಸುಮಾರು 10 ಘನ ಮೀಟರ್ ಮಣ್ಣು ಹೋಗುತ್ತೆ. ಅಂದ್ರೆ ಕೆರೇಲಿ 10,000 ಲೀಟರ್ ನೀರಿಗೆ ಜಾಗ. ಒಂದು ಎಕರೆ ತೋಟದಲ್ಲಿ 550 ಅಡಿಕೆ ಮರ ಅಂದ್ಕೊಳ್ಳಿ, ಬೇಸಿಗೇಲಿ ಡ್ರಿಪ್ ಬಿಟ್ರೂ ಮರಕ್ಕೆ ದಿನಾ 16ರಿಂದ 20 ಲೀಟರ್ ಬೇಕು. ಒಂದು ಟಿಪ್ಪರ್ ಹೂಳು ಎತ್ತಿದ್ರೆ ಒಂದು ಎಕರೆಗೆ ಒಂದು ದಿನದ ನೀರು. ಅದೂ ಕೆರೆ ತುಂಬಿದ್ರೆ.

ಕಿರಣ: ಸಾವಿರ ಟಿಪ್ಪರ್ ಎತ್ತಿದ್ರೆ ಸಾವಿರ ದಿನ. ಸಿಂಪಲ್.

ನಾನು: ಒಂದೇ ಎಕರೆಗೆ! ಕೆರೆ ಕೆಳಗೆ ಎಷ್ಟು ಎಕರೆ ತೋಟ ಆಗಿದೆ ಅಂತ ದೊಡ್ಡಪ್ಪನ್ನೇ ಕೇಳು. ಮೊದಲು ರಾಗಿ, ಶೇಂಗಾ, ಸಾವೆ ಇದ್ದ ಜಾಗ ಅದು.

ಮಂಜಣ್ಣ: ಲೆಕ್ಕ ಮಾಡ್ತಾ ಕೂತ್ರೆ ಕೆರೆ ತುಂಬಲ್ಲ ಸುಮಾ.

ನಾನು: ಇನ್ನೊಂದು ಲೆಕ್ಕ ಐತೆ, ಅದನ್ನೂ ಕೇಳಿ. ಎರಡೂವರೆ ಎಕರೆ ಹೊಲದಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿ ಹೋದ್ರೆ ಅದೂ 10 ಘನ ಮೀಟರ್, ಸರಿಯಾಗಿ ಒಂದು ಟಿಪ್ಪರ್. ಕಣ್ಣಿಗೆ ಕಾಣೋದೇ ಇಲ್ಲ. ಅಷ್ಟೂ ಕೆರೆಗೇ ಬರಲ್ಲ, ದಾರೀಲಿ ಅಲ್ಲಲ್ಲಿ ನಿಲ್ಲುತ್ತೆ. ಆದ್ರೆ ಕೆರೆಗೆ ನೀರು ಬರೋ ಹೊಲ ನೂರಾರು ಎಕರೆ ಇದೆಯಲ್ಲ. ನೀವು ದುಡ್ಡು ಕೊಟ್ಟು ತೆಗೆದದ್ದನ್ನ ಮಳೆ ವರ್ಷಾ ವರ್ಷಾ ಪುಕ್ಕಟೆ ತಂದು ಹಾಕುತ್ತೆ.

ಅತ್ತೆ: ಚಿತ್ರದುರ್ಗದ ಕೋಟೆ ಮೇಲೆ ಹೊಂಡಗಳು ಇದಾವಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿದ್ರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಆಮೇಲೆ ಸಂತೆ ಹೊಂಡಕ್ಕೆ. ಅಷ್ಟು ಹಳೇವು, ಅವು ಯಾಕೆ ಹೂತು ಹೋಗ್ಲಿಲ್ಲ ಮತ್ತೆ?

ನಾನು: ಅತ್ತೆ, ಒಳ್ಳೇ ಪ್ರಶ್ನೆ. ಅಲ್ಲಿ ಮೇಲಿರೋದು ಬಂಡೆ, ಯಾರೂ ನೇಗಿಲು ಹೂಡಲ್ಲ. ಕೊಚ್ಚಿ ಬರೋಕೆ ಮಣ್ಣೇ ಕಮ್ಮಿ. ನಮ್ಮ ಕೆರೆ ಮೇಲೆ ಇರೋದು ಮಸಾರಿ, ಅಂದ್ರೆ ಕೆಂಪು ಮಣ್ಣಿನ ಹೊಲ. ಮೊದಲ ಮಳೆ ಹನಿ ಬಿದ್ದ ಕೂಡ್ಲೇ ಮಸಾರಿ ಮೇಲೆ ಹೆಪ್ಪು ಕಟ್ಟುತ್ತೆ, ಆಮೇಲೆ ನೀರು ಇಂಗಲ್ಲ, ಓಡುತ್ತೆ. ಇಳಿಜಾರಿನ ಉದ್ದಕ್ಕೇ ಉತ್ತಿದ್ರಂತೂ ಪ್ರತಿ ಸಾಲೂ ಒಂದು ಕಾಲುವೆ.

ಕಿರಣ: ಹಾಗಾದ್ರೆ ಮೇಲಿನ ರೈತರದ್ದು ತಪ್ಪು ಅಂತೀಯಾ?

ನಾನು: ಮೇಲಿನ ರೈತರು ಯಾರೋ ದೂರದವರಲ್ಲ. ದೊಡ್ಡಪ್ಪಾ, ಬೇಜಾರಾಗ್ಬೇಡಿ, ದಿಣ್ಣೆ ಹೊಲದ ಬದು ಜೆಸಿಬಿ ಹಚ್ಚಿ ಸಮ ಮಾಡಿಸಿದ್ರಲ್ಲ, ಅದ್ರ ಕೆಳಮೂಲೆಗೆ ಹೋದ ದಸರಾದಲ್ಲಿ ಹೋಗಿ ನೋಡ್ದೆ. ಮೊಣಕಾಲುದ್ದ ಕೊರಕಲು. ಶೇಂಗಾ ಬೇರು ಗಾಳೀಲಿ ನೇತಾಡ್ತಿತ್ತು. ಕೊರಕಲು ಹಿಡ್ಕೊಂಡು ನಡೆದ್ರೆ ನೇರ ಹಳ್ಳ, ಹಳ್ಳ ಹಿಡ್ಕೊಂಡು ನಡೆದ್ರೆ ಕೆರೆ.

(ಇಲ್ಲಿ ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ‘ಟೈಪಿಂಗ್’ ಬಂದು ಬಂದು ಹೋಗುತ್ತಿತ್ತು.)

ದೊಡ್ಡಪ್ಪ: ಬದು ಇದ್ರೆ ಟ್ರ್ಯಾಕ್ಟರ್ ತಿರುಗಲ್ಲ ಮಗಳೇ. ಎತ್ತು ಮಾರಿ ಎಷ್ಟೋ ಕಾಲ ಆತು. ಕೂಲಿಗೆ ಆಳು ಹುಡುಕಿ ಕೊಡು, ಎತ್ತಿನ ಜೋಡಿ ತಂದು ಕಟ್ಟು, ಅಡ್ಡಡ್ಡ ಉಳುಮೆ ನಾನೇ ಮಾಡಿಸ್ತೀನಿ. ಲ್ಯಾಬಲ್ಲಿ ಕೂತು ಹೇಳೋದು ಸುಲಭ.

ಮಾವ: ಅದೂ ಹೌದು. ‘ಸುಜಲ’ ಅಂತ ಜಲಾನಯನ ಯೋಜನೆ ವಿಶ್ವಬ್ಯಾಂಕ್ ದುಡ್ಡಲ್ಲಿ ಬಂದಿತ್ತಲ್ಲ, ನಿಮ್ ಚಿತ್ರದುರ್ಗ ಜಿಲ್ಲೇನೂ ಇತ್ತು ಅದ್ರಾಗೆ. ಬದು ಹಾಕಿದ್ರು, ಚೆಕ್ ಡ್ಯಾಂ ಕಟ್ಟಿದ್ರು. ಆಮೇಲೆ ನೋಡೋರ್ಯಾರು?

ನಾನು: ಒಪ್ತೀನಿ ಮಾವ. ಬದು ಒಂದ್ಸಲ ಹಾಕಿ ಬಿಡೋ ಕೆಲಸ ಅಲ್ಲ, ಮಳೆಗೆ ಒಡೆಯುತ್ತೆ, ಒಡೆದ ಕಡೆ ಇನ್ನೂ ಜೋರಾಗಿ ಕೊಚ್ಚುತ್ತೆ. ಹೊಲದ ಖರ್ಚು ದೊಡ್ಡಪ್ಪಂದು, ಲಾಭ ಕೆಳಗಿನ ತೋಟದವ್ರದ್ದು. ಅದಕ್ಕೇ ಯಾರೂ ಮುಟ್ಟಲ್ಲ. ಹೂಳೆತ್ತೋಕೆ ಊರೆಲ್ಲ ಚಂದಾ ಎತ್ತುತ್ತೆ, ಮೇಲಿನವರ ಬದುವಿಗೆ ಐದು ಪೈಸೆ ಇಲ್ಲ. ನನ್ನ ತಕರಾರು ಇಷ್ಟೇ.

ಕಿರಣ: ಮಂಜಣ್ಣನ ಹತ್ರ ಎರಡು ಟಿಪ್ಪರ್ ಇದಾವೆ ಅನ್ನೋದನ್ನೂ ಸ್ವಲ್ಪ ಗ್ರೂಪಿಗೆ ಹೇಳ್ರಪ್ಪಾ 😄

ಮಂಜಣ್ಣ: ಇದಾವೆ ಕಣೋ, ತಿಂಗ್ಳು ತಿಂಗ್ಳು ಕಂತೂ ಐತೆ. ಕೆಲಸ ಕೇಳಿದ್ರೆ ತಪ್ಪಾ? ಇಟ್ಟಿಗೆ ಗೂಡಿನವರು ರಾತ್ರೋರಾತ್ರಿ ಹೊಡ್ಕೊಂಡು ಹೋಗೋದಕ್ಕಿಂತ ಊರವ್ರ ತೋಟಕ್ಕೆ ಹೋಗ್ಲಿ ಅಂತ ನಾನು ಹೇಳಿದ್ದು.

ನಾನು: ಅದು ಸರಿ ಅಣ್ಣ, ನೂರಕ್ಕೆ ನೂರು. ಆದ್ರೆ ಹಿಟಾಚಿಯವ್ರಿಗೆ ಹೇಳು, ಕಪ್ಪು ಗೋಡು ತೆಗೆದು, ಅಡಿಯ ಗರಸು, ಅಂದ್ರೆ ಕಲ್ಲುಮಣ್ಣು, ಕಾಣೋ ಮೊದಲೇ ನಿಲ್ಲಿಸ್ಲಿ. ಗರಸಿನ ಮೇಲಿರೋ ಜೇಡಿನೇ ನೀರು ಹಿಡಿಯೋದು.

ದೊಡ್ಡಪ್ಪ: ಗರಸಲ್ಲಿ ನೀರು ಇಂಗಿದ್ರೆ ನಮ್ ಬೋರ್‌ಗೆ ಒಳ್ಳೇದಲ್ವಾ? ಸಾವಿರ ಅಡಿ ಕೊರೆಸಿ ಕೂತಿದೀವಿ.

ನಾನು: ಹೌದು, ಬೋರ್‌ಗೆ ಒಳ್ಳೇದೇ. ನಡು ಅಂಗಳದಲ್ಲಿ ಒಂದೆರಡು ಕಡೆ ಆಳ ಬಿದ್ರೆ ನಾನೂ ಬೇಡ ಅನ್ನಲ್ಲ. ಏರಿ ಬುಡದಲ್ಲಿ, ತೂಬಿನ ಹತ್ರ ಮಾತ್ರ ಮುಟ್ಟಬಾರದು. ಏರಿ ಅಡಿಯಿಂದ ನೀರು ಜಿನುಗೋಕೆ ಶುರುವಾದ್ರೆ ಕೆರೆ ತುಂಬಿದ ವರ್ಷವೇ ಏರಿ ಒಡೆದು ಹೋಗಬಹುದು. ಗುತ್ತಿಗೆಯವ್ರು ಅಲ್ಲೇ ಬಗೀತಾರೆ, ರಸ್ತೆ ಹತ್ರ ಅಂತ.

ಮಂಜಣ್ಣ: ಏರಿಯಿಂದ ದೂರ ತೆಗೀತೀವಿ. ಇದು ನನ್ ಮಾತು.

ಅತ್ತೆ: ಗೋಡು ಹಾಕಿದ್ರೆ ಗೊಬ್ಬರ ಬೇಡ್ವಾ?

ನಾನು: ಬೇಕು ಅತ್ತೆ. ಗೋಡಿನಲ್ಲಿ ಜೇಡಿ ಜಾಸ್ತಿ, ಮಸಾರಿಗೆ ತೇವ ಹಿಡಿದಿಡೋ ಗುಣ ಕೊಡುತ್ತೆ, ದೊಡ್ಡ ಉಪಕಾರ ಅದೇ. ಹೆಂಟೆ ಒಡೆದ್ರೆ ಒಳಗೆ ಬಸವನಹುಳದ ಚಿಪ್ಪು ಸಿಗುತ್ತೆ, ಕೆಲವು ಕೆರೇಲಿ ಬಿಳೀ ಉಪ್ಪೂ ಸಿಗುತ್ತೆ. ಅದಕ್ಕೇ ಮೊದಲು ಪರೀಕ್ಷೆ. ದೊಡ್ಡಪ್ಪಾ, ನಾಲ್ಕೈದು ಕಡೆಯಿಂದ ಹಿಡಿ ಹಿಡಿ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕಳ್ಸಿ. ಹಾಕುವಾಗ ಮರದ ಬುಡಕ್ಕೆ ದಪ್ಪ ಮೆತ್ತಬೇಡಿ, ಅಡಿಕೆ ಬೇರು ಮೇಲೇ ಇರುತ್ತೆ, ಗಾಳಿ ಆಡಲ್ಲ. ತೆಳ್ಳಗೆ ಹರಡಿ, ಕೊಟ್ಟಿಗೆ ಗೊಬ್ಬರದ ಜೊತೆ.

ದೊಡ್ಡಪ್ಪ: ಸರಿ, ಕಳಿಸ್ತೀನಿ.

ನಾನು: ದಿಣ್ಣೆ ಹೊಲದ ಬದು? ಉದ್ಯೋಗ ಖಾತ್ರೀಲಿ ಕೇಳಿ ನೋಡಬಹುದು.

ದೊಡ್ಡಪ್ಪ: ಯುಗಾದಿ ಆಗ್ಲಿ, ನೋಡನ. ಮಂಜಾ, ಲೋಡಿಗೆ ಎಷ್ಟು?

ಮಂಜಣ್ಣ: ಗ್ರೂಪಲ್ಲಿ ಬೇಡ ದೊಡ್ಡಪ್ಪ, ಫೋನ್ ಮಾಡ್ತೀನಿ.