ಕ್ಲಬ್‌ನಲ್ಲಿ ಗೋಲಿನ ಸುರಿಮಳೆ, ದೇಶದ ತಂಡದಲ್ಲಿ ಬರ: ಸ್ಟ್ರೈಕರ್‌ನ ದಾಖಲೆ ಓದುವುದು ಹೇಗೆ?

ಎಡಗಾಲು:

ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್‌ಗಳ, ಅಂದರೆ ಗೋಲು ಹೊಡೆಯುವ ಮುಂಚೂಣಿ ಆಟಗಾರರ, ಕ್ಲಬ್ ದಾಖಲೆಯನ್ನೂ ದೇಶದ ತಂಡದ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಸಲ ಒಂದಕ್ಕೊಂದು ತಾಳೆಯೇ ಆಗುವುದಿಲ್ಲ. ಅಲನ್ ಶಿಯರರ್ ಬ್ಲ್ಯಾಕ್‌ಬರ್ನ್ ಪರ 1994-95ರ ಲೀಗ್‌ನಲ್ಲಿ 34, ಮರುವರ್ಷ 31 ಗೋಲು ಹೊಡೆದರು. ಹೆಚ್ಚುಕಡಿಮೆ ಅದೇ ಅವಧಿಯಲ್ಲಿ ಇಂಗ್ಲೆಂಡ್ ಪರ ಸಾಲಾಗಿ 12 ಪಂದ್ಯ ಆಡಿ ಒಂದೂ ಗೋಲಿಲ್ಲ. ಜರ್ಮನಿಯ ಮಿರೊಸ್ಲಾವ್ ಕ್ಲೋಸೆ ಇದಕ್ಕೆ ತದ್ವಿರುದ್ಧ. 2009-10ರ ಬುಂಡೆಸ್‌ಲಿಗಾದಲ್ಲಿ (ಜರ್ಮನಿಯ ಲೀಗ್) ಬಾಯರ್ನ್ ಪರ 25 ಪಂದ್ಯಗಳಲ್ಲಿ 3 ಗೋಲು. ಅದೇ ಬೇಸಿಗೆಯ ವಿಶ್ವಕಪ್‌ನಲ್ಲಿ 4.

ನನ್ನ ಪ್ರಶ್ನೆ ಮೂರು. ಈ ವ್ಯತ್ಯಾಸಕ್ಕೆ ಆಟದೊಳಗಿನ ಕಾರಣ ಏನು? ಇಬ್ಬರು ಸ್ಟ್ರೈಕರ್‌ಗಳನ್ನು ಹೋಲಿಸಬೇಕಾದರೆ ಯಾವ ಅಂಕಿಗಳನ್ನು ತೆಗೆದುಕೊಳ್ಳಬೇಕು? ಸೌಹಾರ್ದ ಪಂದ್ಯಗಳನ್ನು (ಸ್ಪರ್ಧೆಯ ಅಂಕವಿಲ್ಲದವು) ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ?

ಒಂಬತ್ತನೇ ನಂಬರ್:

ಮೊದಲ ಪ್ರಶ್ನೆಗೆ ಉತ್ತರ ಅಭ್ಯಾಸದ ದಿನಗಳಲ್ಲಿದೆ. ಆಟಗಾರ ಭಾನುವಾರ ಕ್ಲಬ್ ಪರ ಆಡಿ ಸೋಮವಾರ ದೇಶದ ತಂಡದ ಶಿಬಿರಕ್ಕೆ ಬರುತ್ತಾನೆ. ಮಂಗಳವಾರ ಮೈ ಸಡಿಲಿಸುವ ಲಘು ಓಟ. ಗುರುವಾರ ಅಥವಾ ಶುಕ್ರವಾರ ಪಂದ್ಯ. ನಡುವೆ ಪೂರ್ಣ ಪ್ರಮಾಣದ ಅಭ್ಯಾಸ ಒಂದು ಸಿಕ್ಕೀತು, ಹೆಚ್ಚೆಂದರೆ ಎರಡು. ಕ್ಲಬ್‌ನಲ್ಲಾದರೆ ಅದೇ ಹತ್ತು ಜನ ತಿಂಗಳುಗಟ್ಟಲೆ ದಿನವೂ ಒಟ್ಟಿಗೆ ಓಡಿರುತ್ತಾರೆ.

ಇದರಿಂದ ಹಾಳಾಗುವುದು ಕಾಲಿನ ಕೌಶಲವಲ್ಲ, ಸಮಯದ ಹೊಂದಾಣಿಕೆ. ಸ್ಟ್ರೈಕರ್‌ನ ಮಾಮೂಲಿ ಜೋಡಿ ಓಟವನ್ನೇ ನೋಡಿ. ಮೊದಲು ಚೆಂಡು ಕೇಳುವವನಂತೆ ಎರಡು ಮೂರು ಹೆಜ್ಜೆ ಮಿಡ್‌ಫೀಲ್ಡ್ ಕಡೆಗೆ ಬರುತ್ತಾನೆ. ಸೆಂಟರ್ ಬ್ಯಾಕ್ (ಅವನನ್ನು ಕಾಯುವ ಡಿಫೆಂಡರ್) ಬೆನ್ನಿಗೇ ಬರುತ್ತಾನೆ. ಅವನ ಭಾರ ಮುಂಗಾಲಿಗೆ ಬಿದ್ದ ಕ್ಷಣಕ್ಕೆ ಸ್ಟ್ರೈಕರ್ ತಿರುಗಿ ಅವನು ಬಿಟ್ಟುಬಂದ ಜಾಗಕ್ಕೆ ನುಗ್ಗುತ್ತಾನೆ. ಪಾಸ್ ಕೊಡುವವನು ಚೆಂಡು ಬಿಡಬೇಕಾದದ್ದು ಸ್ಟ್ರೈಕರ್ ಓಡಿದ ಮೇಲಲ್ಲ, ಅವನ ಭುಜ ತಿರುಗುವಾಗಲೇ. ಅರ್ಧ ಸೆಕೆಂಡ್ ತಡವಾದರೆ ಸ್ಟ್ರೈಕರ್ ಡಿಫೆಂಡರ್‌ನನ್ನು ದಾಟಿರುತ್ತಾನೆ, ಆಫ್‌ಸೈಡ್; ಮುಂಚೆಯಾದರೆ ಡಿಫೆಂಡರ್ ಕಾಲಿಗೆ. ಕ್ಲಬ್‌ನ ಜೊತೆಗಾರನಿಗೆ ಇದು ನೋಡದೆಯೇ ಗೊತ್ತು. ಬೇರೆ ಕ್ಲಬ್‌ನಿಂದ ಬಂದವನು ಖಚಿತ ಮಾಡಿಕೊಳ್ಳಲು ಇನ್ನೊಂದು ಟಚ್ ತೆಗೆದುಕೊಳ್ಳುತ್ತಾನೆ. ಆ ಒಂದು ಟಚ್‌ನಲ್ಲೇ ಗೋಲು ಹೋಗುತ್ತದೆ.

ಹಾಗಾಗಿಯೇ ದೇಶದ ತಂಡದ ಕೋಚ್‌ಗಳು ಕಾರ್ನರ್ ಮತ್ತು ಫ್ರೀ ಕಿಕ್‌ಗೆ ಅಷ್ಟು ಸಮಯ ಕೊಡುತ್ತಾರೆ. ಎರಡು ದಿನದಲ್ಲಿ ಕಲಿಸಬಹುದಾದದ್ದು ಅದೊಂದೇ. ತಲೆಯಿಂದ ಆಡಬಲ್ಲ ಸ್ಟ್ರೈಕರ್ ಅಲ್ಲಿ ಬದುಕುತ್ತಾನೆ, ಏಕೆಂದರೆ ಕ್ರಾಸ್‌ನ (ಬದಿಯಿಂದ ಗೋಲಿನ ಮುಂದಕ್ಕೆ ಬರುವ ಚೆಂಡಿನ) ಹಾರಾಟ ಓದಲು ಜೊತೆಗಾರನ ಹಳೆಯ ಪರಿಚಯ ಅಷ್ಟಾಗಿ ಬೇಕಿಲ್ಲ. 2002ರ ವಿಶ್ವಕಪ್‌ನಲ್ಲಿ ಕ್ಲೋಸೆ ಹೊಡೆದ ಐದೂ ಗೋಲು ಹೆಡರ್‌ಗಳೇ. ಇನ್ನು ಬಾಯರ್ನ್‌ನ ಆ 25 ಪಂದ್ಯಗಳಲ್ಲಿ ಹಲವಕ್ಕೆ ಅವರು ಬೆಂಚ್‌ನಿಂದ ಎದ್ದು ಬಂದವರು. ಜರ್ಮನಿಗೆ ಮಾತ್ರ ಮೊದಲ ಹನ್ನೊಂದರ ಆಟಗಾರ.

ಎರಡನೆಯ ಕಾರಣ ಜಾಗ. ಜೇಮಿ ವಾರ್ಡಿ 2015-16ರಲ್ಲಿ ಲೆಸ್ಟರ್‌ಗೆ 24 ಲೀಗ್ ಗೋಲು ಹೊಡೆದದ್ದು ಎದುರಾಳಿ ಮುಂದೆ ಬಂದಾಗ ಹಿಂದೆ ಉಳಿಯುವ 30-40 ಮೀಟರ್ ಬಯಲಿನಲ್ಲಿ ಓಡಿ. ಇಂಗ್ಲೆಂಡ್ ಎದುರು ಸಣ್ಣ ತಂಡಗಳು ತಮ್ಮ ಬಾಕ್ಸ್ ಮುಂದೆಯೇ ಎರಡು ಸಾಲು ಕಟ್ಟಿ ನಿಲ್ಲುತ್ತವೆ, ಓಡಲು ಬಯಲೇ ಇರುವುದಿಲ್ಲ. ಇಂಗ್ಲೆಂಡ್ ಪರ ವಾರ್ಡಿಗೆ 26 ಪಂದ್ಯ, 7 ಗೋಲು. ಆಟಗಾರ ಅವನೇ, ಮೈದಾನದ ಅಳತೆಯೂ ಅದೇ. ಆದರೆ ಅವನಿಗೆ ಸಿಗುವ ಮೈದಾನ ಬೇರೆ.

ಲೆಕ್ಕದ ಪುಸ್ತಕ:

ಎರಡನೆಯ ಪ್ರಶ್ನೆಗೆ: "ಪಂದ್ಯಕ್ಕೆ ಎಷ್ಟು ಗೋಲು" ಎಂಬ ಅಂಕಿಯನ್ನು ಬಿಟ್ಟುಬಿಡಿ. 85ನೇ ನಿಮಿಷಕ್ಕೆ ಬಂದವನಿಗೂ ಅದು ಒಂದು ಪಂದ್ಯ, ಪೂರ್ತಿ ಆಡಿದವನಿಗೂ ಒಂದು ಪಂದ್ಯ. ಮಾಡಬೇಕಾದ್ದು ಇಷ್ಟೇ: ಒಟ್ಟು ಗೋಲಿನಿಂದ ಪೆನಾಲ್ಟಿ ಕಳೆಯಿರಿ, 90ರಿಂದ ಗುಣಿಸಿ, ಆಡಿದ ನಿಮಿಷಗಳಿಂದ ಭಾಗಿಸಿ.

ಲೆಕ್ಕಕ್ಕಾಗಿ ಒಬ್ಬ ಸ್ಟ್ರೈಕರ್ ಎಂದುಕೊಳ್ಳಿ. 18 ಗೋಲು, ಅದರಲ್ಲಿ 5 ಪೆನಾಲ್ಟಿ, ಆಡಿದ್ದು 2,340 ನಿಮಿಷ. ಪೆನಾಲ್ಟಿ ಸೇರಿಸಿದರೆ 90 ನಿಮಿಷಕ್ಕೆ 0.69. ಕಳೆದರೆ ಸರಿಯಾಗಿ 0.50. ಈ ಅಂತರ ಸಣ್ಣದಲ್ಲ. ಪೆನಾಲ್ಟಿ ಹೊಡೆಯುವುದು ಕೌಶಲ ಅಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸರಿಸುಮಾರು ನಾಲ್ಕರಲ್ಲಿ ಮೂರು ಪೆನಾಲ್ಟಿ ಗೋಲಾಗುತ್ತವೆ, ಮತ್ತು ಅದನ್ನು ಯಾರು ಹೊಡೆಯಬೇಕೆಂದು ಮೊದಲೇ ನಿರ್ಧಾರವಾಗಿರುತ್ತದೆ. ಕ್ಲಬ್‌ನಲ್ಲಿ ಪೆನಾಲ್ಟಿ ಇವನದು, ದೇಶದ ತಂಡದಲ್ಲಿ ಇನ್ನೊಬ್ಬನದು ಎಂದಾದರೆ ಎರಡು ದಾಖಲೆಯ ಅರ್ಧ ವ್ಯತ್ಯಾಸ ಅಲ್ಲೇ ಮುಗಿಯಬಹುದು. 2018ರ ವಿಶ್ವಕಪ್‌ನಲ್ಲಿ ಹ್ಯಾರಿ ಕೇನ್ 6 ಗೋಲು ಹೊಡೆದು ಗೋಲ್ಡನ್ ಬೂಟ್ ಪಡೆದರು. ಮೂರು ಪೆನಾಲ್ಟಿ, ಒಂದು ಜೊತೆಗಾರನ ಹೊಡೆತ ಇವರ ಹಿಮ್ಮಡಿಗೆ ತಾಗಿ ಹೋದದ್ದು. ಹೋಲಿಸಲು ಮಾಡುವ ಪಟ್ಟಿಯಲ್ಲಿ ಪೆನಾಲ್ಟಿಗೆ ಬೇರೆಯೇ ಒಂದು ಕಾಲಂ ಇರಲಿ.

ಅರ್ಹತಾ ಪಂದ್ಯ ಮತ್ತು ಅಂತಿಮ ಟೂರ್ನಿಯನ್ನೂ ಬೆರೆಸಬೇಡಿ. ರಾಬರ್ಟ್ ಲೆವಾಂಡೊವ್‌ಸ್ಕಿ 2018ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಪೋಲೆಂಡ್‌ಗೆ 16 ಗೋಲು ಹೊಡೆದರು. ರಷ್ಯಾದಲ್ಲಿ ಮೂರು ಪಂದ್ಯ, ಸೊನ್ನೆ. ಅವರ ಮೊದಲ ವಿಶ್ವಕಪ್ ಗೋಲು ಬಂದದ್ದು 2022ರಲ್ಲಿ, ಸೌದಿ ಅರೇಬಿಯಾ ವಿರುದ್ಧ.

ಆದರೆ ಆ ಮೂರು ಪಂದ್ಯದ ಸೊನ್ನೆಯನ್ನು ಹಿಡಿದು "ದೊಡ್ಡ ವೇದಿಕೆಯಲ್ಲಿ ನಡುಗುತ್ತಾನೆ" ಎಂದು ತೀರ್ಪು ಕೊಡುವುದು ತಪ್ಪು. ಪಂದ್ಯಕ್ಕೆ ಅರ್ಧ ಗೋಲಿನ ಸರಾಸರಿ ಇರುವವನು ಮೂರು ಪಂದ್ಯಗಳಲ್ಲಿ ಒಂದೂ ಹೊಡೆಯದಿರುವ ಸಾಧ್ಯತೆ ಸುಮಾರು ಶೇ 22. ಐದು ಟೂರ್ನಿಯಲ್ಲಿ ಒಂದು ಸಲ ಬರೀ ಅದೃಷ್ಟದಿಂದಲೇ ಹಾಗಾಗುತ್ತದೆ. ಶಿಯರರ್‌ರ 12 ಪಂದ್ಯ ಬೇರೆ ವಿಷಯ. ಅದೇ ಸರಾಸರಿಯಲ್ಲಿ 12 ಪಂದ್ಯ ಬರಿಗೈ ಆಗುವ ಸಾಧ್ಯತೆ ಶೇ 1ಕ್ಕಿಂತ ಬಹಳ ಕಡಿಮೆ, ಹಾಗಾಗಿ ಅಲ್ಲಿ ಕಾರಣ ಹುಡುಕಲೇಬೇಕು. 1996ರ ಯುರೋ ಟೂರ್ನಿಗೆ ಇಂಗ್ಲೆಂಡ್ ಅತಿಥೇಯ, ಅದಕ್ಕೆ ಅರ್ಹತಾ ಪಂದ್ಯಗಳೇ ಇರಲಿಲ್ಲ. ಅಂಕವಿಲ್ಲದ ಪಂದ್ಯಗಳಲ್ಲಿ ಕೋಚ್ ಟೆರಿ ವೆನಬಲ್ಸ್ ಹೊಸ ವ್ಯೂಹಗಳನ್ನು ಪ್ರಯತ್ನಿಸುತ್ತಿದ್ದರು. ಟೂರ್ನಿಯಲ್ಲಿ ತಂಡ ವಾರಗಟ್ಟಲೆ ಒಟ್ಟಿಗಿತ್ತು. ಶಿಯರರ್ 5 ಗೋಲು ಹೊಡೆದು ಟೂರ್ನಿಯ ಅತಿ ಹೆಚ್ಚು ಗೋಲು ಗಳಿಸಿದವರಾದರು. ಒಂಬತ್ತನೇ ನಂಬರ್ ಅವರು ಹೇಳಿದ ಅಭ್ಯಾಸದ ದಿನಗಳ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಎಡಗಾಲು:

ಇಬ್ಬರಿಗೂ ಧನ್ಯವಾದ. ಹಳೆಯ ಆಟಗಾರರ ನಿಮಿಷದ ಲೆಕ್ಕ ಸಿಗದಿದ್ದರೆ ಏನು ಮಾಡುವುದು? ಹೆಚ್ಚುವರಿ ನಿಮಿಷಗಳನ್ನು ಸೇರಿಸಬೇಕೇ?

ಲೆಕ್ಕದ ಪುಸ್ತಕ:

ಇಂಜುರಿ ಟೈಮ್ ಸೇರಿಸುವ ರೂಢಿ ಇಲ್ಲ, ಪೂರ್ತಿ ಪಂದ್ಯ ಎಂದರೆ 90. ನಾಕೌಟ್‌ನಲ್ಲಿ ಹೆಚ್ಚುವರಿ ಅವಧಿ ಆಡಿದ್ದರೆ 120. ಹಳಬರ ಲೆಕ್ಕ ಇನ್ನೂ ಸುಲಭ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರಿಗೆ ಅವಕಾಶ ಬಂದದ್ದೇ 1970ರಲ್ಲಿ. ಅದಕ್ಕೂ ಹಿಂದಿನ ವಿಶ್ವಕಪ್ ಪಂದ್ಯ ಎಂದರೆ ಪೂರ್ತಿ ಪಂದ್ಯವೇ. 1958ರಲ್ಲಿ ಫ್ರಾನ್ಸ್‌ನ ಜಸ್ಟ್ ಫಾಂಟೇನ್ 6 ಪಂದ್ಯಗಳಲ್ಲಿ ಹೊಡೆದ 13 ಗೋಲುಗಳನ್ನು ನೇರವಾಗಿ 6ರಿಂದ ಭಾಗಿಸಿದರೂ ತಪ್ಪಿಲ್ಲ.

ಆಫ್‌ಸೈಡ್ ಗೆರೆ:

ಮೂರನೆಯ ಪ್ರಶ್ನೆಗೆ: ಅಧಿಕೃತ ಅಂತರರಾಷ್ಟ್ರೀಯ ಗೋಲುಗಳಲ್ಲಿ ಸೌಹಾರ್ದ ಪಂದ್ಯದ ಗೋಲೂ ಸೇರುತ್ತದೆ, ಹಾಗಾಗಿ ಒಟ್ಟು ಸಂಖ್ಯೆಯಲ್ಲಿ ಇಡಿ, ಹೋಲಿಕೆಯಲ್ಲಿ ಬೇರೆ ಮಾಡಿ. ಆದರೆ ಆಟಗಾರನ ಹಣೆಬರಹ ತೀರ್ಮಾನಿಸುವಲ್ಲಿ ಸೌಹಾರ್ದ ಪಂದ್ಯಕ್ಕೂ ಅಧಿಕೃತ ಟೂರ್ನಿಯ ಪಂದ್ಯಕ್ಕೂ ಅಜಗಜಾಂತರ. ಡಿಯೆಗೊ ಕೋಸ್ಟಾ 2013ರ ಮಾರ್ಚ್‌ನಲ್ಲಿ ಬ್ರೆಜಿಲ್ ಪರ ಎರಡು ಪಂದ್ಯ ಆಡಿದ್ದರು. ಎರಡೂ ಸೌಹಾರ್ದ, ಆದ್ದರಿಂದಲೇ ಆಮೇಲೆ ಸ್ಪೇನ್ ಸೇರಿ 2014ರ ವಿಶ್ವಕಪ್ ಆಡಲು ಸಾಧ್ಯವಾಯಿತು. ಆಗಿನ ನಿಯಮದಂತೆ ಹಿರಿಯರ ತಂಡದ ಒಂದೇ ಒಂದು ಅಧಿಕೃತ ಟೂರ್ನಿಯ ಪಂದ್ಯದಲ್ಲಿ ಕೆಲವು ನಿಮಿಷ ಆಡಿದ್ದರೂ ಬೇರೆ ದೇಶದ ಬಾಗಿಲು ಮುಚ್ಚುತ್ತಿತ್ತು.

2020ರಲ್ಲಿ ಫಿಫಾ ಇದನ್ನು ಸಡಿಲಿಸಿತು. 21 ತುಂಬುವ ಮೊದಲು ಆಡಿದ ಅಧಿಕೃತ ಟೂರ್ನಿಯ ಪಂದ್ಯ ಮೂರನ್ನು ಮೀರಿರಬಾರದು, ಕೊನೆಯದು ಆಡಿ ಮೂರು ವರ್ಷ ಕಳೆದಿರಬೇಕು, ವಿಶ್ವಕಪ್ ಅಥವಾ ಖಂಡದ ಚಾಂಪಿಯನ್‌ಷಿಪ್‌ನ ಅಂತಿಮ ಹಂತದಲ್ಲಿ ಆಡಿರಬಾರದು. ಜೊತೆಗೆ, ಮೊದಲ ಪಂದ್ಯ ಆಡುವ ಹೊತ್ತಿಗೇ ಎರಡನೆಯ ದೇಶದ ಪೌರತ್ವ ಕೈಯಲ್ಲಿರಬೇಕು ಎಂಬ ಷರತ್ತೂ ಇದೆ. ಹಲವರು ಎಡವುವುದು ಇಲ್ಲಿ.

ಕ್ಲಬ್ ಮತ್ತು ದೇಶದ ನಡುವಿನ ಎಳೆದಾಟವೂ ದಾಖಲೆಯಲ್ಲಿ ಕಾಣುತ್ತದೆ. ಫಿಫಾ ಕ್ಯಾಲೆಂಡರ್‌ನ ನಿಗದಿತ ಅವಧಿಯಲ್ಲಿ ಮತ್ತು ಅಂತಿಮ ಟೂರ್ನಿಗಳಿಗೆ ಮಾತ್ರ ಕ್ಲಬ್ ಆಟಗಾರನನ್ನು ಬಿಟ್ಟುಕೊಡಲೇಬೇಕು. ಅದರ ಹೊರಗಿನ ಸೌಹಾರ್ದ ಪಂದ್ಯಕ್ಕೆ ಕಳಿಸಬೇಕೆಂದಿಲ್ಲ. ದೇಶದ ಪರ ಆಡುವಾಗ ಗಾಯಗೊಂಡು 28 ದಿನಕ್ಕಿಂತ ಹೆಚ್ಚು ಹೊರಗುಳಿದರೆ ಫಿಫಾದ ಕ್ಲಬ್ ರಕ್ಷಣಾ ಯೋಜನೆ ಅವನ ಸಂಬಳದ ಭಾರ ಹೊರುತ್ತದೆ, ಗರಿಷ್ಠ 75 ಲಕ್ಷ ಯುರೋ. ಹಣ ಬರುತ್ತದೆ ನಿಜ, ಲೀಗ್ ನಡುವೆ ಸ್ಟ್ರೈಕರ್ ಬರುವುದಿಲ್ಲ. ಅದಕ್ಕೇ ಕ್ಲಬ್‌ಗಳು ಅಷ್ಟು ಹಿಂಜರಿಯುವುದು.

2026ರಿಂದ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನ ಎರಡು ಅವಧಿಗಳು ಒಂದೇ ಆಗಿ ನಾಲ್ಕು ಪಂದ್ಯ ಒಟ್ಟಿಗೆ ಬರುತ್ತವೆ. ಪಾಸ್ ಕೊಡುವವನಿಗೂ ಓಡುವವನಿಗೂ ಹೊಂದಿಕೊಳ್ಳಲು ಮೊದಲಿಗಿಂತ ಹೆಚ್ಚು ದಿನ ಸಿಗುತ್ತದೆ.

ಪೆನಾಲ್ಟಿ ಬಾಕ್ಸ್:

ಒಂಬತ್ತನೇ ನಂಬರ್ ಅವರೇ, ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ದೇಶದ ತಂಡದಲ್ಲಿ ಬದುಕುವುದು ಹೆಡರ್ ಒಂದೇ ಅಲ್ಲ. ಗೆರ್ಡ್ ಮ್ಯುಲರ್ ಅಷ್ಟೇನೂ ಎತ್ತರದವರಲ್ಲ, ಪಶ್ಚಿಮ ಜರ್ಮನಿಗೆ 62 ಪಂದ್ಯಗಳಲ್ಲಿ 68 ಗೋಲು. 1974ರ ವಿಶ್ವಕಪ್ ಫೈನಲ್‌ನ 43ನೇ ನಿಮಿಷ ನಿಧಾನಗತಿಯಲ್ಲಿ ನೋಡಿ. ಬಾನ್‌ಹಾಫ್ ಬಲಗಡೆಯಿಂದ ಬಾಕ್ಸ್‌ಗೆ ನುಗ್ಗಿ ಚೆಂಡನ್ನು ಒಳಕ್ಕೆ ತಳ್ಳುತ್ತಾರೆ. ಮ್ಯುಲರ್ ಆಗಲೇ ಮುಂದೆ ಓಡಿಯಾಗಿದೆ, ಮೊದಲ ಟಚ್‌ನಲ್ಲಿ ಚೆಂಡು ಅವರ ಹಿಂದಕ್ಕೆ ಉಳಿಯುತ್ತದೆ. ಬೇರೆಯವರಾದರೆ ಅವಕಾಶ ಮುಗಿಯಿತು. ಅವರು ಹಿಂದಕ್ಕೆ ಸರಿದು, ಸೊಂಟ ತಿರುಗಿಸಿ, ಬಲಗಾಲಿನಿಂದ ನೆಲಕ್ಕಂಟಿದಂತೆ ಹೊಡೆಯುತ್ತಾರೆ. ಹೊಡೆತದಲ್ಲಿ ಬಲವೇ ಇಲ್ಲ. ಆದರೆ ಗೋಲ್‌ಕೀಪರ್ ನಿರೀಕ್ಷಿಸಿದ ಹೊತ್ತಿಗೆ ಅದು ಬರಲಿಲ್ಲ, ಅದಕ್ಕೇ ಅವರು ಕದಲಲಿಲ್ಲ. ಕೆಟ್ಟ ಪಾಸನ್ನೂ ಗೋಲಾಗಿಸುವ ಈ ಗುಣಕ್ಕೆ ಯಾವ ಶಿಬಿರವೂ ಬೇಡ.

ಹೋಲಿಕೆಯ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ: ದೇಶದ ತಂಡ ಬಿಟ್ಟ ವಯಸ್ಸು. ಮೊಣಕಾಲಿನ ಲಿಗಮೆಂಟ್, ಆಮೇಲೆ ಕಣಕಾಲು, ಎರಡು ದೊಡ್ಡ ಗಾಯ ಕಂಡ ಶಿಯರರ್ 2000ದ ಯುರೋ ಮುಗಿದೊಡನೆ 29ಕ್ಕೇ ಇಂಗ್ಲೆಂಡ್ ತಂಡ ಬಿಟ್ಟರು. ಓಡಿ ಹೊಡೆಯುವುದನ್ನು ಕಡಿಮೆ ಮಾಡಿ, ಬೆನ್ನು ಗೋಲಿಗೆ ಕೊಟ್ಟು ಡಿಫೆಂಡರ್‌ನನ್ನು ತಡೆದು ಆಡತೊಡಗಿದರು. 2001-02ರಲ್ಲಿ ನ್ಯೂಕ್ಯಾಸಲ್‌ಗೆ 23 ಲೀಗ್ ಗೋಲು, ಆಟ ಮುಂದುವರಿದದ್ದು 2006ರವರೆಗೆ. ಕ್ಲೋಸೆ 36ರವರೆಗೂ ಎರಡೂ ಕಡೆ ಆಡಿದರು, ವಿಶ್ವಕಪ್‌ನ 16ನೇ ಗೋಲು ಆ ವಯಸ್ಸಿನದು. ಫಾಂಟೇನ್ ಕಾಲು ಮುರಿದುಕೊಂಡು 28ಕ್ಕೇ ಬೂಟು ಬಿಚ್ಚಿದರು. 21 ಪಂದ್ಯ, 30 ಗೋಲು ಎಂಬ ಅವರ ಲೆಕ್ಕದಲ್ಲಿ ವಯಸ್ಸಾದ ಮೇಲಿನ ಇಳಿಗಾಲದ ಪಂದ್ಯಗಳೇ ಇಲ್ಲ. 36ರವರೆಗೆ ಆಡಿದವರ ಸರಾಸರಿ ಪಕ್ಕ ಅದನ್ನು ಹಾಗೇ ಇಟ್ಟರೆ ಅನ್ಯಾಯವಾಗುವುದು ಕ್ಲೋಸೆಗೆ. ಇಬ್ಬರದೂ 28ರವರೆಗಿನ ಲೆಕ್ಕ ಮಾತ್ರ ತೆಗೆದು ಹೋಲಿಸಿ.