ವಾರ್ಡಿನ ಟ್ಯಾಬ್‌ನಲ್ಲಿ ಹಿಂದಿನ ಪೇಷಂಟ್ ಅಕೌಂಟ್ ಹಾಗೇ ಉಳಿಯುತ್ತಿದೆ, ಏನು ಮಾಡೋದು?

ವಾರ್ಡ್_ಐಟಿ:
ನಮ್ಮದು ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆ. ಸ್ಪೆಷಲ್ ರೂಮಿನ ಪೇಷಂಟ್‌ಗಳಿಗೆ ಆಂಡ್ರಾಯ್ಡ್ ಟ್ಯಾಬ್ ಕೊಡುತ್ತೇವೆ, ಸಿನಿಮಾ ನೋಡಲಿ, ಮನೆಯವರಿಗೆ ವಿಡಿಯೋ ಕಾಲ್ ಮಾಡಲಿ ಅಂತ. ಅವರು ತಮ್ಮ ಜಿಮೇಲ್ ಹಾಕಿಕೊಂಡು, ಹಾಗೇ ಬಿಟ್ಟು ಡಿಸ್ಚಾರ್ಜ್ ಆಗಿ ಹೋಗುತ್ತಾರೆ. ಮುಂದಿನವರು ತೆಗೆದರೆ ಹಿಂದಿನವರ ಮೇಲ್, ಫೋಟೋ, ಸ್ಕ್ಯಾನ್ ರಿಪೋರ್ಟ್ ಎಲ್ಲಾ ಕಾಣುತ್ತದೆ. ಬಟನ್ ಒತ್ತಿ ರೀಸೆಟ್ ಮಾಡಿದರೆ ಹಳೇ ಜಿಮೇಲ್ ಪಾಸ್‌ವರ್ಡ್ ಕೇಳುತ್ತಾ ಕೂತುಬಿಡುತ್ತದೆ. ಊರಿಗೆ ಹೋದ ಪೇಷಂಟ್‌ಗೆ ಫೋನ್ ಮಾಡಿ ಪಾಸ್‌ವರ್ಡ್ ಕೇಳೋಕಾಗುತ್ತಾ? ಲಾಗೌಟ್ ಮಾಡಿಸಿ ಅಂದರೆ ಸಿಸ್ಟರ್‌ಗಳಿಗೆ ಪುರುಸೊತ್ತಿಲ್ಲ.

ಬೀಗದಕೈ:
ಅದು ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್ ಸರ್, ಆಂಡ್ರಾಯ್ಡ್ 5.1ರಿಂದ ಇದೆ. ಕದ್ದವರು ರೀಸೆಟ್ ಮಾಡಿ ಬಳಸದಿರಲಿ ಅಂತ ಮಾಡಿದ್ದು, ಸಿಕ್ಕಿಕೊಂಡಿರೋದು ನೀವು. ಸೆಟ್ಟಿಂಗ್ಸ್ ಒಳಗಿಂದ ರೀಸೆಟ್ ಮಾಡಿದರೆ ಸಾಮಾನ್ಯವಾಗಿ ಕೇಳಲ್ಲ, ಆದರೆ ಪೇಷಂಟ್ ಸ್ಕ್ರೀನ್ ಲಾಕ್ ಹಾಕಿ ಹೋಗಿದ್ದರೆ ಒಳಗೆ ಹೋಗೋದೇ ಹೇಗೆ? ಸುಮ್ನೆ ಒಂದೊಂದೇ ಟ್ಯಾಬ್ ಹಿಡಿದು ಗುದ್ದಾಡಬೇಡಿ, ಎಂಡಿಎಂ ಹಾಕಿ, ಅಂದರೆ ಎಲ್ಲಾ ಟ್ಯಾಬ್‌ಗಳನ್ನು ಒಂದೇ ಕಡೆಯಿಂದ ನಿಯಂತ್ರಿಸುವ ಸಾಫ್ಟ್‌ವೇರ್. ಪೂರ್ತಿ ಅಳಿಸಿದ ಟ್ಯಾಬಿನ ಮೊದಲ ಸ್ಕ್ರೀನ್ ಮೇಲೆ ಒಂದೇ ಜಾಗದಲ್ಲಿ ಆರು ಸಲ ಟ್ಯಾಪ್ ಮಾಡಿದರೆ ಕ್ಯೂಆರ್ ಸ್ಕ್ಯಾನರ್ ತೆರೆಯುತ್ತದೆ, ಎಂಡಿಎಂ ಕೊಟ್ಟ ಕೋಡ್ ತೋರಿಸಿ. ಆಮೇಲೆ ಅಕೌಂಟ್ ಸೇರಿಸೋದನ್ನೇ ಬಂದ್ ಮಾಡಬಹುದು, ಬೇಕಾದ ಆಪ್ ಮಾತ್ರ ಕಾಣೋ ಹಾಗೆ ಕಿಯೋಸ್ಕ್ ಮೋಡ್‌ನಲ್ಲಿ ಇಡಬಹುದು, ಕೂತಲ್ಲಿಂದಲೇ ವೈಪ್ ಮಾಡಬಹುದು, ಅಂದರೆ ಪೂರ್ತಿ ಅಳಿಸಬಹುದು. ಇನ್ನೊಂದು ಮಾತು, ಆಸ್ಪತ್ರೆ ಸಾಫ್ಟ್‌ವೇರ್ ಓಡುವ ವೈ-ಫೈಗೆ ಇವನ್ನು ಸೇರಿಸಲೇಬೇಡಿ.

ಸೇಬುಪ್ರಿಯ:
ಬಜೆಟ್ ಇದ್ದರೆ ಐಪ್ಯಾಡ್ ಆರಾಮ. ಐಪ್ಯಾಡ್‌ಒಎಸ್ 17ರಿಂದ ರಿಟರ್ನ್ ಟು ಸರ್ವಿಸ್ ಅಂತ ಇದೆ, ವೈಪ್ ಆದ ಮೇಲೆ ತಾನೇ ವೈ-ಫೈ ಹಿಡಿದು ಎಂಡಿಎಂಗೆ ವಾಪಸ್ ಸೇರುತ್ತದೆ, ಯಾರೂ ಮುಟ್ಟಬೇಕಿಲ್ಲ. ಜ್ಯಾಮ್ಫ್ ಅನ್ನೋ ಆಪಲ್ ಸಾಧನಗಳ ಎಂಡಿಎಂನಲ್ಲಂತೂ ಆಸ್ಪತ್ರೆ ಸಾಫ್ಟ್‌ವೇರ್ ಕಳಿಸುವ ಎಚ್‌ಎಲ್7 (ಆಸ್ಪತ್ರೆ ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳುವ ಮಾದರಿ) ಡಿಸ್ಚಾರ್ಜ್ ಮೆಸೇಜ್ ನೋಡಿ ತಾನೇ ವೈಪ್ ಮಾಡುವ ವ್ಯವಸ್ಥೆ ಇದೆ.

ನೈಟ್‌ಡ್ಯೂಟಿ_ಸಿಸ್ಟರ್:
ಟ್ಯಾಬ್ ಅಳಿಸೋದನ್ನ ಡಿಸ್ಚಾರ್ಜ್ ಎಂಟ್ರಿಗೆ ಮಾತ್ರ ಕಟ್ಟಬೇಡಿ ಅಣ್ಣಾ! ಡಾಕ್ಟರ್ ಬೆಳಿಗ್ಗೆ ರೌಂಡ್ಸ್‌ನಲ್ಲಿ ಡಿಸ್ಚಾರ್ಜ್ ಬರೀತಾರೆ, ಇನ್ಶೂರೆನ್ಸ್ ಅಪ್ರೂವಲ್ ಬಂದು ಬಿಲ್ ಕ್ಲಿಯರ್ ಆಗೋದು ಸಂಜೆ. ಅಷ್ಟೊತ್ತು ಬೇಜಾರಾಗಿ ಸಿನಿಮಾ ನೋಡ್ತಾ ಕೂತವರ ಕೈಯಲ್ಲೇ ಟ್ಯಾಬ್ ಅಳಿಸಿಹೋದರೆ ಬೈಸಿಕೊಳ್ಳೋರು ನಾವು. ಬೆಡ್ ಖಾಲಿ ಅಂತ ನಾವು ಹಾಕುವ ಎಂಟ್ರಿಗೆ ಕಟ್ಟಿ, ಅದನ್ನು ಹೇಗೂ ಹಾಕಲೇಬೇಕು. ಟ್ಯಾಬ್ ಒರೆಸೋಕೆ 70% ಐಸೊಪ್ರೊಪೈಲ್ ಆಲ್ಕೋಹಾಲ್ ವೈಪ್ಸ್ ಕೊಡಿ. ಹೌಸ್‌ಕೀಪಿಂಗ್‌ನವರು ನೆಲಕ್ಕೆ ಹಾಕುವ ಬ್ಲೀಚ್‌ನಲ್ಲೇ ಒರೆಸಿಬಿಡ್ತಾರೆ, ಅದನ್ನೂ ಹೇಳಿಡಿ.

ವಾರ್ಡ್_ಐಟಿ:
ಇದು ಹೊಳೆದೇ ಇರಲಿಲ್ಲ ಸಿಸ್ಟರ್. ಬೆಡ್ ಖಾಲಿ ಎಂಟ್ರಿಯಿಂದ ಎಂಡಿಎಂಗೆ ಸೂಚನೆ ಹೋಗೋ ಹಾಗೆ ಮಾಡೋಕಾಗುತ್ತಾ ಅಂತ ನಾಳೆ ಸಾಫ್ಟ್‌ವೇರ್‌ನವರನ್ನು ಕೇಳ್ತೀನಿ.