‘ರಿಕ್ರೂಟ್‌ಮೆಂಟ್ ಡ್ರೈವ್’ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆಯೊಳಗೆ ಬೇಕು)

ನಮಸ್ಕಾರ. ಮೊದಲ ಮಹಾಯುದ್ಧದ ಬಗ್ಗೆ ಮೈಸೂರಿನಲ್ಲಿ ಒಂದು ಪ್ರದರ್ಶನ ಇದೆ. ಫಲಕಗಳ ಅನುವಾದ ನನ್ನದು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾಗೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಫಲಕ ಮುಗಿದಿದೆ. ಪಂಜಾಬಿನ ಹಳ್ಳಿಗಳಲ್ಲಿ ಬ್ರಿಟಿಷರು ಸೈನ್ಯಕ್ಕೆ ಆಳು ಸೇರಿಸಿದ್ದರ ಫಲಕ ಬಾಕಿ. ‘ಸೇನಾ ನೇಮಕಾತಿ ಅಭಿಯಾನ’ ಎಂದು ಬರೆದೆ, ಸುಮ್ನೆ ಅರ್ಜಿ ಕರೆದ ಹಾಗಿದೆ. ಅಲ್ಲಿ ಆಗಿದ್ದು ಬೇರೆ. ಇಷ್ಟು ಆಳು ಬೇಕು ಎಂದು ಮೇಲಿನಿಂದ ಲೆಕ್ಕ ಬರುತ್ತಿತ್ತು. ಊರಿನ ಲಂಬರ್ದಾರ, ಅಂದರೆ ಕಂದಾಯ ವಸೂಲಿ ಮಾಡುವ ಮುಖಂಡ, ಒದಗಿಸಬೇಕಿತ್ತು. ಒದಗಿಸಿದವರಿಗೆ ಕಾಲುವೆ ನೀರಿನ ಜಮೀನಿನ ಆಸೆ.
– ಕುವೆಂಪುನಗರ

‘ಅಭಿಯಾನ’ ಎತ್ತಿ ಬಿಸಾಡಿ. ‘ಪಡೆಗೂಡಿಕೆ’ ಎಂದು ಹಾಕಿ. ಪಡೆ, ಕೂಡು, ಎರಡೂ ಅಚ್ಚಗನ್ನಡ. ಚರ್ಚೆ ಬೇಕಿಲ್ಲ.
– ಸರಸ್ವತಿಪುರಂ

ಪಡೆಗೂಡಿಕೆ ಅಂದರೆ ತಾವಾಗೇ ಬಂದು ಕೂಡಿದ ಹಾಗಾಯಿತು. ಕೂಡಿಸಿದವರು ಎಲ್ಲಿ ಹೋದರು ಸ್ವಾಮಿ? ಜನ ಎಲ್ಲಾ ಕಡೆ ಕುಣಿದುಕೊಂಡು ಸೇರಲಿಲ್ಲ. 1918ರಲ್ಲಿ ಗಾಂಧೀಜಿಯೇ ಗುಜರಾತಿನ ಖೇಡಾದಲ್ಲಿ ಸೈನ್ಯಕ್ಕೆ ಆಳು ಕೇಳಿಕೊಂಡು ಹೊರಟರು. ಕಂದಾಯದ ಸತ್ಯಾಗ್ರಹಕ್ಕೆ ಪುಕ್ಕಟೆ ಬಂಡಿ ಕೊಟ್ಟಿದ್ದ ಅದೇ ಜನ, ಈಗ ಬಾಡಿಗೆಗೂ ಕೊಡಲಿಲ್ಲ. ಊರೂರು ನಡೆದೇ ಸುತ್ತಬೇಕಾಯಿತು.

‘ಭರ್ತಿ’ ಅನ್ನಿ. ಪಂಜಾಬಿನವರ ಮಾತೂ ಅದೇ. ಕೆಆರ್‌ಎಸ್ 124.80 ಅಡಿ ಮುಟ್ಟಿದರೆ ‘ಕಟ್ಟೆ ಭರ್ತಿ’ ಅಂತೀವಲ್ವಾ? ಮೇಲಿನವರು ಗೆರೆ ಎಳೆದಷ್ಟು ತುಂಬಿಸುವುದು. ಇಲ್ಲಿ ಬೇಕಿರುವುದೂ ಅದೇ ಅರ್ಥ.
– ಮದ್ದೂರು

ಭರ್ತಿ ಉತ್ತರದಿಂದ ಬಂದ ಪದ. ಹೀಗೆ ಒಂದೊಂದೇ ಬಿಟ್ಟುಕೊಟ್ಟರೆ ಕನ್ನಡಕ್ಕೆ ಪ್ರತ್ಯಯ ಮಾತ್ರ ಉಳಿಯುತ್ತದೆ. ಕೂಡಿಕೆ ಬೇಡವಾದರೆ ‘ಆಳೆತ್ತುವಿಕೆ’ ಮಾಡಿ. ಬಲವಂತವೂ ಬಂತು.
– ಸರಸ್ವತಿಪುರಂ

ಆಳೆತ್ತುವಿಕೆ ಅಂದರೆ ನಮ್ಮೂರಲ್ಲಿ ಹೆಣ ಎತ್ತುವುದು ಅಂದುಕೊಳ್ಳುತ್ತಾರೆ. ತಾಲ್ಲೂಕು, ಜಮೀನು, ಖಾತೆ, ವಸೂಲಿ, ಇಷ್ಟೂ ಬಿಟ್ಟು ನಿಮ್ಮ ಪಹಣಿ ಓದಿ ನೋಡೋಣ.
– ಮದ್ದೂರು

ಪಹಣಿ ಓದುವವರು ಪದ ಕಟ್ಟುವುದು ಬೇಡ.
– ಸರಸ್ವತಿಪುರಂ

ಇಬ್ಬರಿಗೂ ಥ್ಯಾಂಕ್ಸ್. ‘ಹಳ್ಳಿಹಳ್ಳಿಯಲ್ಲಿ ದಂಡಿನ ಭರ್ತಿ’ ಎಂದು ಕಳಿಸುತ್ತಿದ್ದೇನೆ. ಕೊನೆಯದೊಂದು: ಲಂಬರ್ದಾರನನ್ನು ‘ಪಟೇಲ’ ಮಾಡಲೇ?
– ಕುವೆಂಪುನಗರ

ಬೇಡ. ಪಟೇಲ ಅಂದ ಕೂಡಲೇ ಓದುವವರು ಮಂಡ್ಯಕ್ಕೆ ಬಂದುಬಿಡುತ್ತಾರೆ. ಲಂಬರ್ದಾರನೇ ಇರಲಿ. ಅದರಲ್ಲಿ ಅರ್ಧ ಇಂಗ್ಲಿಷಿನ ನಂಬರು, ಅರ್ಧ ಪಾರಸಿಯ ದಾರ್. ಸರಸ್ವತಿಪುರಂನವರು ಅಚ್ಚಗನ್ನಡ ಮಾಡಿಕೊಡುವಷ್ಟರಲ್ಲಿ ಪ್ರಿಂಟು ಮುಗಿದಿರುತ್ತದೆ.
– ಮದ್ದೂರು